ಕೊಡಗಿನ ಕಾಫಿಯ ಕಣ ಮತ್ತು ಗಾಳಿಯಲ್ಲಿ ತೇಲಿಸುವ ಯಂತ್ರ

1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದನು. ಕೊಡಗಿನಲ್ಲಿ ಐರೋಪ್ಯರ ಕಾಫಿ ಬೇಸಾಯ ಮೊದಲಾದುದು ಅಲ್ಲಿಂದ. ಇತಿಹಾಸವು ತೋಟದೊಡೆಯರ ಹೆಸರನ್ನು ಉಳಿಸಿದೆ; ಕಣದಲ್ಲಿ ದುಡಿದವರದನ್ನು ಉಳಿಸಿಲ್ಲ. ಆದರೂ ಕಾಫಿಯ ಗುಣವು ಬಹುಮಟ್ಟಿಗೆ ಕಣವನ್ನು ಅವಲಂಬಿಸಿದೆ. ತೊಳೆದ ಬೀಜವನ್ನು ಬಿಸಿಲಿನಲ್ಲಿ ತೆಳುವಾಗಿ ಹರಡಿ ಮತ್ತೆ ಮತ್ತೆ ತಿರುವಿಹಾಕದಿದ್ದರೆ, ಕೆಲವು ಒಣಗಿ ಕೆಲವು ಹಸಿಯಾಗಿಯೇ ಉಳಿದು ಬೂಸಲು ಹಿಡಿಯುತ್ತವೆ. ಪ್ರತಿಯೊಂದು ಬೀಜಕ್ಕೂ ಗಾಳಿ ಸಮನಾಗಿ ತಾಗಬೇಕೆಂಬುದೇ ಆ ದುಡಿಮೆಯ ತತ್ತ್ವ.

ಇದೇ ತತ್ತ್ವವನ್ನು ಯಂತ್ರವು ಬೇರೊಂದು ದಾರಿಯಿಂದ ಸಾಧಿಸಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇಲ್ ವುರ್ಸ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಕೆಳಗಿನಿಂದ ಬೀಸುವ ಗಾಳಿಯು ಔಷಧದ ಗುಳಿಗೆಗಳನ್ನು ತೇಲಿಸುತ್ತದೆ. ಸಿಂಪಡಿಸಿದ ಲೇಪವು ಪ್ರತಿಯೊಂದರ ಮೈಗೂ ಸಮನಾಗಿ ಅಂಟಿ ಒಣಗುತ್ತದೆ. 1976ರಲ್ಲಿ ಮೈಕೇಲ್ ಸಿವೆಟ್ಜ್, ಕಾಫಿಬೀಜವನ್ನೇ ಬಿಸಿಗಾಳಿಯಲ್ಲಿ ತೇಲಿಸಿ ಹುರಿಯುವ ಕ್ರಮಕ್ಕೆ ಪೇಟೆಂಟ್ ಪಡೆದನು.

ಇವರು ಕೊಡಗಿನಿಂದ ಕಲಿತರೆಂದು ನಾವು ಹೇಳುವುದಿಲ್ಲ. ಇಬ್ಬರ ಮುಂದೆಯೂ ಕಣದವರ ಮುಂದೆಯೂ ಇದ್ದ ಪ್ರಶ್ನೆ ಒಂದೇ ಎಂಬುದಷ್ಟೇ ನಮ್ಮ ಅಭಿಪ್ರಾಯ. ಪೇಟೆಂಟಿನ ದಾಖಲೆಯ ಪಕ್ಕದಲ್ಲಿ ಕಣದ ದುಡಿಮೆಯನ್ನೂ ಇರಿಸಿ ನೋಡಿದಾಗಲೇ ಯಂತ್ರವಿದ್ಯೆಯ ಇತಿಹಾಸವು ಪೂರ್ಣವಾದೀತು.