ಆರೋಪಿಯ ಪಕ್ಕ ನಿಲ್ಲುವವರು

ಮಧ್ಯಪ್ರದೇಶದ ಖಂಡ್ವಾ ನ್ಯಾಯಾಲಯ, 2013ರ ಫೆಬ್ರುವರಿ 19. ಬಾಲಕಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಆರೋಪ ಹೊತ್ತ ಬಡ ಯುವಕನಿಗೆ ಅಂದು ಕಾನೂನು ನೆರವಿನ ವಕೀಲರನ್ನು ಕೊಟ್ಟರು. ಅದೇ ದಿನ ದೋಷಾರೋಪವನ್ನೂ ಹೊರಿಸಿದರು. ಮಾರ್ಚ್ 4ಕ್ಕೆ ಮರಣದಂಡನೆ. ಇದರ ನಡುವೆ ಆ ವಕೀಲರು ಕಡತ ಓದಿದ್ದು ಯಾವಾಗ, ಆರೋಪಿಯ ಜೊತೆ ಕೂತು ಮಾತಾಡಿದ್ದು ಯಾವಾಗ? 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಜೀವಾವಧಿ ಇಲ್ಲವೇ ಮರಣದಂಡನೆ ಆಗಬಹುದಾದ ಪ್ರಕರಣಕ್ಕೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರು ಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದಿತು. ಆ ಯುವಕ 2024ರಲ್ಲಿ ಖುಲಾಸೆಯಾದ. ಅಷ್ಟರಲ್ಲಿ ಅವನ ಹನ್ನೊಂದು ವರ್ಷ ಜೈಲಿನಲ್ಲಿ ಕಳೆದಿತ್ತು.

ವಕೀಲರನ್ನು ಕೊಡುವುದು ಒಂದು, ಕೆಲಸ ಬಲ್ಲ ವಕೀಲರನ್ನು ಕೊಡುವುದು ಇನ್ನೊಂದು. ನಮ್ಮ ಕಾನೂನಿನ ಎಪ್ಪತ್ತು ವರ್ಷಗಳ ನಡಿಗೆ ಬಹುಪಾಲು ಮೊದಲನೆಯದರಲ್ಲೇ ಮುಗಿಯಿತು.

ಆರಂಭವೇ ನಿರಾಶೆಯದು. ಹೈದರಾಬಾದ್ ಸಂಸ್ಥಾನದಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ ತೆಲಂಗಾಣದವರು, ತಮಗೆ ವಕೀಲರನ್ನು ಇಟ್ಟುಕೊಳ್ಳುವ ಅವಕಾಶವೇ ಸಿಗಲಿಲ್ಲ ಎಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ವಕೀಲರಿರಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಅಸಿಂಧುವಾಗದು ಎಂದು 1951ರಲ್ಲಿ ಕೋರ್ಟ್ ಹೇಳಿತು. ಸಂವಿಧಾನದ 22ನೇ ವಿಧಿ ಆಯ್ಕೆಯ ವಕೀಲರನ್ನು ಹೊಂದುವ ಹಕ್ಕು ಕೊಟ್ಟಿತ್ತು ನಿಜ. ಆದರೆ ಫೀಸು ಕೊಡಲಾಗದವನಿಗೆ ಆಯ್ಕೆ ಎಲ್ಲಿಂದ ಬರಬೇಕು?

1976ರ 42ನೇ ತಿದ್ದುಪಡಿ 39ಎ ವಿಧಿಯನ್ನು ಸೇರಿಸಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆ ಮಾಡಿತು. 1978ರ ಹೊಸ್ಕೋಟ್ ಪ್ರಕರಣದ ಮೂಲ ನಮ್ಮ ಧಾರವಾಡಕ್ಕೂ ಹೋಗುತ್ತದೆ. ಆರೋಪ, ಕರ್ನಾಟಕ ವಿಶ್ವವಿದ್ಯಾಲಯದ ಪದವಿಪತ್ರಗಳ ನಕಲು ಮಾಡಲೆತ್ನಿಸಿದ್ದು. ಶಿಕ್ಷೆಗೊಳಗಾದವರು ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು, ತೀರ್ಪಿನ ಪ್ರತಿಯೇ ಕೈಗೆ ಸಿಕ್ಕಿರಲಿಲ್ಲ ಎಂಬುದು ಅವರ ಅಳಲು. ಕೈದಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಮೇಲ್ಮನವಿಗೆ ವಕೀಲರೂ ಸಿಗಬೇಕು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಮರುವರ್ಷವೇ ಹುಸೇನಾರಾ ಖಾತೂನ್ ಪ್ರಕರಣ ಬಂತು. ಆರೋಪ ಸಾಬೀತಾಗಿದ್ದರೆ ಅನುಭವಿಸಬೇಕಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣಾಧೀನರಾಗಿ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾಣಿ ಅರ್ಜಿ ಹಾಕಿದ್ದರು. ಉಚಿತ ವಕೀಲರ ನೆರವು 21ನೇ ವಿಧಿಯ ಭಾಗ ಎಂದು ಅಲ್ಲಿ ಗಟ್ಟಿಯಾಯಿತು. ಮೊದಲ ಹಾಜರಿಯಲ್ಲೇ ಮ್ಯಾಜಿಸ್ಟ್ರೇಟರು ಈ ಹಕ್ಕನ್ನು ತಿಳಿಸಬೇಕು ಎಂದು 1981ರ ಖತ್ರಿ ತೀರ್ಪು, ಆರೋಪಿ ಕೇಳಲಿಲ್ಲ ಎಂಬುದು ನೆಪವಾಗದು ಎಂದು 1986ರ ಸುಕ್ ದಾಸ್ ತೀರ್ಪು ಹೇಳಿದವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೆಂದು ಕೇಳದೆ ನೆರವು ಸಿಗುವುದು ಈ ಕಾಯ್ದೆಯ 12ನೇ ಸೆಕ್ಷನ್‌ನಿಂದ.

ಇಷ್ಟಾದರೂ ನೆರವು ಬರುತ್ತಿದ್ದುದು ಪ್ಯಾನಲ್ ವಕೀಲರ ಮೂಲಕ. ತಮ್ಮ ಖಾಸಗಿ ಕಕ್ಷಿದಾರರ ಕೇಸುಗಳ ನಡುವೆ, ಅಲ್ಪ ಶುಲ್ಕಕ್ಕೆ ಅವರು ಈ ಕೆಲಸ ಮಾಡಬೇಕಿತ್ತು. ಎದುರಿಗೆ ಮಾತ್ರ ಪೂರ್ಣಾವಧಿ ಸರ್ಕಾರಿ ಅಭಿಯೋಜಕರು. ಈ ಅಸಮಾನತೆಗೆ ಉತ್ತರವಾಗಿ ಬಂದದ್ದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆ. ನಮ್ಮ ಜಿಲ್ಲೆಗಳಲ್ಲಿ ಈಗ ಕಾನೂನು ನೆರವು ಅಭಿರಕ್ಷಕರ ಕಚೇರಿ ಎಂಬ ಫಲಕ ಕಾಣುವುದು ಅದರಿಂದಲೇ. ಮುಖ್ಯ ಅಭಿರಕ್ಷಕರಿಗೆ ಕ್ರಿಮಿನಲ್ ವಿಭಾಗದಲ್ಲಿ 10 ವರ್ಷ, ಉಪ ಮುಖ್ಯರಿಗೆ 7 ವರ್ಷ ಅನುಭವ ಇರಬೇಕು. ಸಹಾಯಕರು ವೃತ್ತಿಗೆ ಹೊಸಬರು. ಯಾರೂ ಖಾಸಗಿ ಕೇಸು ಹಿಡಿಯುವಂತಿಲ್ಲ. ಸೀನಿಯರ್ ಪಕ್ಕದಲ್ಲೇ ಜೂನಿಯರ್ ದಿನವೂ ಕೆಲಸ ಕಲಿಯುವ ಏರ್ಪಾಡು ಇದು. ನನ್ನ ಮಟ್ಟಿಗೆ ಈ ಯೋಜನೆಯ ನಿಜವಾದ ಬೆಲೆ ಇರುವುದು ಸಂಬಳಕ್ಕಿಂತ ಇಲ್ಲಿ. ಆದರೆ ನೇಮಕ ಗುತ್ತಿಗೆಯ ಮೇಲಿನದು. ಕೈ ಪಳಗುವ ಹೊತ್ತಿಗೆ ಜೂನಿಯರ್ ಹೊರಟುಹೋದರೆ ಪಾಠ ಮತ್ತೆ ಮೊದಲಿನಿಂದ.

ಆ ಪಾಠ ಎಂಥದು? ಪಾಟೀ ಸವಾಲನ್ನೇ ನೋಡಿ. ಸಾಕ್ಷಿ ಪೊಲೀಸರ ಮುಂದೆ 'ಕತ್ತಲಿತ್ತು, ಮುಖ ಕಾಣಲಿಲ್ಲ' ಎಂದಿದ್ದಾನೆ. ಕೋರ್ಟಿನಲ್ಲಿ 'ಇವನನ್ನೇ ನೋಡಿದೆ' ಎನ್ನುತ್ತಾನೆ. ವಕೀಲರು ಹಳೆಯ ಹೇಳಿಕೆಯ ಆ ಸಾಲನ್ನೇ ಸಾಕ್ಷಿಗೆ ಓದಿ ತೋರಿಸಬೇಕು. ಅವನು 'ಹಾಗೆ ಹೇಳಿಲ್ಲ' ಎಂದರೆ ಆ ಭಾಗವನ್ನು ಗುರುತು ಮಾಡಿಸಬೇಕು. ಅಲ್ಲಿಗೆ ಅರ್ಧ ಕೆಲಸ. ತಿಂಗಳುಗಳ ನಂತರ ತನಿಖಾಧಿಕಾರಿ ಕಟಕಟೆಗೆ ಬಂದಾಗ, ಸಾಕ್ಷಿ ಹಾಗೆ ಹೇಳಿದ್ದು ಹೌದು ಎಂದು ಅವರ ಬಾಯಿಂದ ಹೇಳಿಸಬೇಕು. ಆ ಒಂದು ಪ್ರಶ್ನೆ ಮರೆತರೆ ಎಷ್ಟೇ ಸ್ಪಷ್ಟವಾದ ವಿರೋಧಾಭಾಸವೂ ತೀರ್ಪಿಗೆ ಒದಗುವುದಿಲ್ಲ. ಕಾನೂನು ಕಾಲೇಜಿನಲ್ಲಿ ಸೆಕ್ಷನ್ ಓದಿದ್ದರಿಂದ ಮಾತ್ರ ಇದು ಬರುವುದಿಲ್ಲ. ಯಾರಾದರೂ ಮಾಡಿ ತೋರಿಸಿ, ಮಾಡಿಸಿ ತಿದ್ದಬೇಕು.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದು ಸೆಕ್ಷನ್‌ಗಳೇ ಬದಲಾಗಿವೆ. ಪೊಲೀಸ್ ಹೇಳಿಕೆಯ 161 ಈಗ 180. ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿದೆ. ಮಹಜರಿನ ಜೊತೆ ಆ ವಿಡಿಯೊ ಇದೆಯೇ, ಇದ್ದರೆ ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವುದೂ ಈಗ ತರಬೇತಿಯ ವಿಷಯ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲಿನೊಳಗೆ ಕಾನೂನು ನೆರವು ತಲುಪಿಸುವ ವ್ಯವಸ್ಥೆಯನ್ನು ಬಲಪಡಿಸುವಂತೆ ನಿರ್ದೇಶನ ಕೊಟ್ಟಿತು.

ಜೈಲಿಗೆ ಹೋಗುವ ಅಭಿರಕ್ಷಕರ ಕೈಯಲ್ಲಿ ಇರಲೇಬೇಕಾದದ್ದು ದಿನಾಂಕಗಳ ಲೆಕ್ಕ. ಅಪರಾಧದ ತೀವ್ರತೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಅದನ್ನು ಕೇಳಿ ಅರ್ಜಿ ಹಾಕಬೇಕು. ಗಡುವು ಮುಗಿದ ಮರುದಿನ ಬೆಳಿಗ್ಗೆ ಪಟ್ಟಿ ಸಲ್ಲಿಕೆಯಾಗಿ, ನಮ್ಮ ಅರ್ಜಿ ಮಧ್ಯಾಹ್ನ ಬಂದರೆ ಆ ಹಕ್ಕು ಕೈತಪ್ಪಿತು.