ದೇಹದ ಪಾಠ: ಅಂಗದಿಂದ ಜೀವಕೋಶದವರೆಗೆ

ಜೀವಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ, ಅಂಗವ್ಯೂಹಗಳೆಲ್ಲ ಸೇರಿ ಶರೀರ. ನಮ್ಮ ಶಾಲೆಯ ವಿಜ್ಞಾನ ತರಗತಿಯಲ್ಲಿ ಕುಳಿತೆದ್ದ ಯಾರನ್ನು ಕೇಳಿದರೂ ಈ ಸಾಲನ್ನು ತಡವರಿಸದೆ ಹೇಳಿಯಾರು. ಪಾಠ ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತುತ್ತದೆ. ಆದರೆ ಮನುಷ್ಯನು ತನ್ನ ದೇಹವನ್ನು ಅರಿತದ್ದು ಇದಕ್ಕೆ ತೀರಾ ವಿರುದ್ಧವಾದ ಕ್ರಮದಲ್ಲಿ. ಅಂಗಗಳು ಮೊದಲು ಕಂಡವು, ಅಂಗಾಂಶ ಬಹಳ ತಡವಾಗಿ ಕಂಡಿತು, ಜೀವಕೋಶ ಎಲ್ಲಕ್ಕಿಂತ ಕೊನೆಗೆ. ಒಂದೊಂದು ಮೆಟ್ಟಿಲು ಇಳಿಯಲೂ ಶತಮಾನಗಳು ಹಿಡಿದವು. ಹಾಗೆ ಇಳಿದವರ ಕಥೆಯನ್ನೂ, ಆ ಜ್ಞಾನ ನಮ್ಮ ಮಾತಿಗೆ ಬಂದ ಬಗೆಯನ್ನೂ ಈ ಶತಮಾನೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಕ್ರಿಸ್ತಶಕ 2ನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಮಂಗ, ಹಂದಿ ಮೊದಲಾದ ಪ್ರಾಣಿಗಳನ್ನು ಕೊಯ್ದು ನೋಡಿ, ಅಲ್ಲಿ ಕಂಡುದನ್ನು ಮನುಷ್ಯನಿಗೂ ಅನ್ವಯಿಸಿದನು. ಮನುಷ್ಯನ ಶವವನ್ನು ಕೊಯ್ಯುವ ಅವಕಾಶ ಅವನ ಕಾಲದ ರೋಮಿನಲ್ಲಿ ಇರಲಿಲ್ಲ. ನಮ್ಮ ದೇಶದ ಸುಶ್ರುತ ಸಂಹಿತೆ ಹೇಳುವ ದಾರಿ ಬೇರೆ. ಶವವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಮೆತ್ತಗಾದ ಮೇಲೆ ಕುಂಚದಂಥ ಸಾಧನದಿಂದ ಮೆಲ್ಲಗೆ ಉಜ್ಜುತ್ತ ಒಂದೊಂದೇ ಪದರವನ್ನು ಕಣ್ಣಾರೆ ಕಾಣಬೇಕೆಂದು ಅದು ವಿಧಿಸುತ್ತದೆ. ಅದರ ಲೆಕ್ಕದಲ್ಲಿ ಎಲುಬುಗಳು 300; ಇಂದಿನ ಎಣಿಕೆಯಲ್ಲಿ ಬೆಳೆದ ಮನುಷ್ಯನಿಗೆ 206. ಈ ಅಂತರವನ್ನು ಕಂಡು ನಗಬೇಕಾಗಿಲ್ಲ. ಹಲ್ಲುಗಳನ್ನೂ ಮೂಗು, ಕಿವಿಗಳ ಮೃದ್ವಸ್ಥಿಯನ್ನೂ ಸುಶ್ರುತನು ಎಲುಬಿನ ಪ್ರಭೇದಗಳಾಗಿಯೇ ಎಣಿಸಿದ್ದಾನೆ. ಕಾಲಾಂತರದಲ್ಲಿ ಈ ಶವಪರೀಕ್ಷೆಯ ಪದ್ಧತಿ ನಿಂತುಹೋಯಿತು, ಶ್ಲೋಕಗಳ ಕಂಠಪಾಠ ಉಳಿಯಿತು.

ಐರೋಪ್ಯರಲ್ಲಿಯೂ ಆದದ್ದು ಹೆಚ್ಚುಕಡಿಮೆ ಇದೇ. ಮಧ್ಯಯುಗದ ಕೊನೆಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮನುಷ್ಯರ ಶವಚ್ಛೇದನ ನಡೆಯತೊಡಗಿತಾದರೂ ಅದರ ರೀತಿ ವಿಚಿತ್ರವಾಗಿತ್ತು. ಪ್ರಾಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವನ್ನು ಓದುವನು. ಕೆಳಗೆ ಕ್ಷೌರಿಕ ವೃತ್ತಿಯ ಶಸ್ತ್ರವೈದ್ಯನು ಶವವನ್ನು ಕೊಯ್ಯುವನು. ಇನ್ನೊಬ್ಬನು ಕೋಲಿನಿಂದ ಅಂಗಗಳನ್ನು ತೋರಿಸುವನು. ಓದುವವನು ಮುಟ್ಟುತ್ತಿರಲಿಲ್ಲ. ಮುಟ್ಟುವವನಿಗೆ ಓದಿದ ಭಾಷೆ ತಿಳಿಯುತ್ತಿರಲಿಲ್ಲ. ಗ್ರಂಥಕ್ಕೂ ಶವಕ್ಕೂ ಹೊಂದಾಣಿಕೆ ಇಲ್ಲವೆಂಬುದು ಮಾತು ಮತ್ತು ಕೈ ಹೀಗೆ ಬೇರೆ ಬೇರೆ ಜನರಲ್ಲಿದ್ದಾಗ ಯಾರಿಗೆ ತಾನೇ ಹೊಳೆದೀತು?

ಆಂಡ್ರಿಯಸ್ ವೆಸೇಲಿಯಸ್ ಈ ಪೀಠದಿಂದ ಕೆಳಗಿಳಿದನು. 1514ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ, ಇಟಲಿಯ ಪಾದುವಾದಲ್ಲಿ ಅಧ್ಯಾಪಕನಾದ ಈತ ಶಸ್ತ್ರವನ್ನು ತಾನೇ ಹಿಡಿದು, ಕೊಯ್ಯುತ್ತಲೇ ಪಾಠ ಹೇಳಿದನು. ಮನುಷ್ಯನ ಕೆಳದವಡೆ ಎರಡು ಎಲುಬುಗಳದ್ದೆಂದು ಗೇಲನ್ ಬರೆದಿದ್ದನು. ವೆಸೇಲಿಯಸ್ ನೋಡಿದಲ್ಲೆಲ್ಲ ಅದು ಒಂದೇ ಎಲುಬು. ಹದಿಮೂರು ಶತಮಾನಗಳ ಕಾಲ ತಮ್ಮ ಗಲ್ಲವನ್ನು ತಾವೇ ತಡವಿಕೊಳ್ಳುತ್ತಿದ್ದ ಜನ ಗ್ರಂಥವನ್ನೇ ನಂಬಿದ್ದರೆಂಬುದು ನಮಗೆ ಇಂದಿಗೂ ಸೋಜಿಗವೆನಿಸುತ್ತದೆ. 1543ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಮಾನವ ದೇಹದ ರಚನೆಯನ್ನು ಕುರಿತ ಮಹಾಗ್ರಂಥವನ್ನು ಏಳು ಭಾಗಗಳಲ್ಲಿ ಅವನು ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದನು. ಎಲುಬು, ಸ್ನಾಯು, ರಕ್ತನಾಳ, ನರ, ಉದರದ ಅಂಗಗಳು, ಹೃದಯ ಮತ್ತು ಶ್ವಾಸಕೋಶ, ಮಿದುಳು ಎಂಬ ಅದರ ಕ್ರಮದಲ್ಲಿ ಇಂದಿನ ಪಠ್ಯಪುಸ್ತಕದ ಅಂಗವ್ಯೂಹಗಳ ಪೂರ್ವರೂಪವನ್ನು ಕಾಣಬಹುದು. ವಿದ್ಯಾರ್ಥಿಗಳಿಗಾಗಿ ಬರೆದ ಅದರ ಸಂಗ್ರಹವು ಅದೇ ವರ್ಷ ಲ್ಯಾಟಿನ್‌ನಲ್ಲಿ ಮಾತ್ರವಲ್ಲದೆ ಜನರಾಡುವ ಜರ್ಮನ್ ಭಾಷೆಯಲ್ಲಿಯೂ ಹೊರಬಂದಿತು.

ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ಪ್ರತಿಪಾದಿಸಿದುದು, ಅವನ ಕಣ್ಣಿಗೆ ಬೀಳದ ಲೋಮನಾಳಗಳನ್ನು ಮಾಲ್ಪಿಘಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡುದು ಎಲ್ಲರೂ ಬಲ್ಲ ಸಂಗತಿಗಳು. ಎರಡನೆಯ ಮೆಟ್ಟಿಲಿಗೆ ಇಳಿದವನ ಹೆಸರು ಮಾತ್ರ ನಮ್ಮ ಪಾಠಗಳಲ್ಲಿ ಅಪರೂಪ. ಅವನು ಪ್ಯಾರಿಸ್ಸಿನ ಕ್ಸೇವಿಯೆ ಬಿಶಾ. ಅಂಗಗಳ ತುಣುಕುಗಳನ್ನು ಬೇಯಿಸಿ, ಒಣಗಿಸಿ, ಕೊಳೆಯಿಸಿ, ಆಮ್ಲದಲ್ಲಿ ಅದ್ದಿ ಪರೀಕ್ಷಿಸಿದ ಅವನಿಗೆ ಒಂದು ಸತ್ಯ ಗೋಚರಿಸಿತು. ಹೃದಯದ ಹೊರಪೊರೆ, ಶ್ವಾಸಕೋಶದ ಪೊರೆ, ಉದರದ ಒಳಪೊರೆ ಇವು ಬೇರೆ ಬೇರೆ ಜಾಗದಲ್ಲಿದ್ದರೂ ಒಂದೇ ಜಾತಿಯ ವಸ್ತು. ಆದುದರಿಂದ ರೋಗವೂ ಅಂಗವನ್ನು ಅನುಸರಿಸದೆ ಈ ವಸ್ತುವನ್ನು ಅನುಸರಿಸಬಹುದು. ಇಂಥ 21 ಬಗೆಗಳನ್ನು ಗುರುತಿಸಿ 1801ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮರುವರ್ಷ, 30ರ ಪ್ರಾಯದಲ್ಲಿಯೇ ತೀರಿಕೊಂಡನು. ಆವರಕ, ಸಂಯೋಜಕ, ಸ್ನಾಯು, ನರ ಎಂದು ಇಂದು ನಾವು ಕಲಿಸುವ ನಾಲ್ಕು ಅಂಗಾಂಶಗಳ ವಿಚಾರ ಅಲ್ಲಿಂದ ಬೆಳೆದುದು. ಇಷ್ಟನ್ನೂ ಆತ ಸಾಧಿಸಿದ್ದು ಸೂಕ್ಷ್ಮದರ್ಶಕವನ್ನು ನಂಬದೆ, ಬರಿಗಣ್ಣಿನಿಂದ!

ಕೊನೆಯ ಮೆಟ್ಟಿಲಿನ ಹೆಸರು ಮೆಟ್ಟಿಲಿಗಿಂತ ಮೊದಲೇ ಹುಟ್ಟಿತ್ತು. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡ ಪುಟ್ಟ ಗೂಡುಗಳಿಗೆ, ಸಣ್ಣ ಕೋಣೆ ಎಂಬ ಅರ್ಥದ ಹೆಸರನ್ನಿಟ್ಟಿದ್ದನು. ಅವನು ನೋಡಿದ್ದು ಸತ್ತ ಗೋಡೆಗಳನ್ನು. ಸಸ್ಯಗಳೆಲ್ಲ ಜೀವಕೋಶಗಳಿಂದಾದವು ಎಂದು ಶ್ಲೈಡನ್ 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿ ಹೇಳಿದ ಮೇಲೆಯೇ ನಮ್ಮ ಪಾಠದ ಮೊದಲ ಸಾಲಿಗೆ ಆಧಾರ ದೊರೆಯಿತು.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಸರಿಸುಮಾರು ಅದೇ ದಶಕದಲ್ಲಿ. ಕಲ್ಕತ್ತೆಯಲ್ಲಿ 1822ರಲ್ಲಿ ಸ್ಥಾಪಿತವಾದ ದೇಶೀಯ ವೈದ್ಯಶಾಲೆಯಲ್ಲಿ ಪಾಠಗಳು ದೇಶಭಾಷೆಯಲ್ಲಿ ನಡೆಯುತ್ತಿದ್ದವು. ಮನುಷ್ಯರ ಶವಚ್ಛೇದನ ಇರಲಿಲ್ಲ. ಸರಕಾರವು 1835ರಲ್ಲಿ ಅದನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಮೆಡಿಕಲ್ ಕಾಲೇಜನ್ನು ತೆರೆಯಿತು. ಮರುವರ್ಷ ಅಲ್ಲಿನ ಪಂಡಿತ ಮಧುಸೂದನ ಗುಪ್ತ, ಆಯುರ್ವೇದವನ್ನು ಓದಿದ ವೈದ್ಯ, ಜಾತಿಭ್ರಷ್ಟತೆಯ ಭಯವನ್ನು ಲೆಕ್ಕಿಸದೆ ಶವಕ್ಕೆ ಶಸ್ತ್ರವಿಟ್ಟನು. ಸುಶ್ರುತನ ಓದುಗನ ಕೈ ಮತ್ತೆ ದೇಹವನ್ನು ಮುಟ್ಟಿದ ಆ ಸಾಹಸವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಇದೇ ವೇಳೆಗೆ ದೇಶಭಾಷೆ ತರಗತಿಯಿಂದ ಹೊರಗೆ ನಿಂತಿತು. ಕೈ ಬಂತು, ಮಾತು ಹೋಯಿತು.

ಆ ಮಾತನ್ನು ಕನ್ನಡದಲ್ಲಿ ಕಟ್ಟುವ ಕೆಲಸ ನಡೆದದ್ದು ಆಸ್ಪತ್ರೆಗಳ ಹೊರಗೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ನಮ್ಮ ನೆರೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಬಂತು. ಆಗ ಕಾಸರಗೋಡು, ಪುತ್ತೂರುಗಳೆರಡೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ದೇಹಕ್ಕೆ ಎರಡು ಸಾಲು ಹೆಸರುಗಳ ನಡುವೆ ಬೆಳೆಯುತ್ತಿದ್ದಾರೆ.

ಇದರ ತೊಡಕು ಸಣ್ಣದಲ್ಲ. ಕನ್ನಡ ಪಾಠದಲ್ಲಿ ‘ಸ್ನಾಯು’ ಎಂದರೆ ಕೈಕಾಲನ್ನು ಆಡಿಸುವ ಮಾಂಸಖಂಡ. ಮಲಯಾಳ ಪಾಠದಲ್ಲಿ ಅದಕ್ಕೆ ‘ಪೇಶಿ’ ಎನ್ನುತ್ತಾರೆ. ಅಲ್ಲಿ ‘ಸ್ನಾಯು’ ಎಂದರೆ ಎಲುಬನ್ನು ಎಲುಬಿಗೆ ಬಿಗಿಯುವ ಕಟ್ಟು. ಕನ್ನಡದ ‘ನರ’ ಅಲ್ಲಿ ‘ನಾಡಿ’. ನಮಗೋ ನಾಡಿಯೆಂದರೆ ವೈದ್ಯರು ಮಣಿಕಟ್ಟಿನಲ್ಲಿ ಹಿಡಿದು ನೋಡುವ ಮಿಡಿತ. ಯಾರದು ಸರಿ ಎಂಬ ವಾದಕ್ಕೆ ಹುರುಳಿಲ್ಲವಾದರೂ, ‘ಸ್ನಾಯು’ವಿನ ವಿಷಯದಲ್ಲಿ ಸುಶ್ರುತನು ಮಲಯಾಳದ ಪಕ್ಷ. ಹಲಗೆಗಳನ್ನು ಅನೇಕ ಕಟ್ಟುಗಳಿಂದ ಬಿಗಿದ ದೋಣಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳುಳ್ಳ ಶರೀರ ಭಾರ ಹೊರುತ್ತದೆಂಬ ಹೋಲಿಕೆ ಅವನದು. ‘ಧಮನಿ’, ‘ಸಿರ’ ಎಂಬ ಮಲಯಾಳದ ಜೋಡಿಯೂ ನಮ್ಮ ‘ಅಪಧಮನಿ’, ‘ಅಭಿಧಮನಿ’ಗಳಿಗಿಂತ ಸುಗಮವೆಂದು ಒಪ್ಪಬೇಕು. ಪರೀಕ್ಷೆಯಲ್ಲಿ ಅವೆರಡನ್ನು ಅದಲುಬದಲು ಬರೆಯುವ ಮಕ್ಕಳ ಮೇಲೆ ಅಧ್ಯಾಪಕರು ಮುನಿಯುವುದು ನ್ಯಾಯವಲ್ಲ.

‘ಕೋಶ’ದ ತೊಡಕಂತೂ ಎರಡು ಭಾಷೆಗಳಿಗೂ ಸಮಾನ. ಜೀವಕೋಶ ಅತಿ ಸಣ್ಣ ಘಟಕ. ಶ್ವಾಸಕೋಶ ಇಡೀ ಅಂಗ. ಮೊದಲ ಪಾಠದಲ್ಲಿಯೇ ಇದನ್ನು ಬಿಡಿಸಿ ಹೇಳದಿದ್ದರೆ, ಶ್ವಾಸಕೋಶವನ್ನೂ ಒಂದು ಜೀವಕೋಶವೆಂದು ತಿಳಿಯುವ ಮಗು ಪ್ರತಿ ತರಗತಿಯಲ್ಲಿಯೂ ಇರುತ್ತದೆ. ಮಲಯಾಳವು ಬಿಶಾನ 21 ಬಗೆಗಳ ಸಾಮಾನ್ಯ ಹೆಸರಿಗೆ ‘ಕಲ’ ಎಂಬ ಪದವನ್ನು ಆರಿಸಿತು. ಧಾತುಗಳ ನಡುವಿನ ಏಳು ಪೊರೆಗಳಿಗೆ ಸುಶ್ರುತ ಸಂಹಿತೆ ಇಟ್ಟ ಹೆಸರೂ ಅದೇ, ಮತ್ತು ಬಿಶಾ ತನ್ನ ಅಧ್ಯಯನವನ್ನು ತೊಡಗಿದ್ದೂ ಪೊರೆಗಳಿಂದಲೇ. ಕನ್ನಡದ ‘ಅಂಗಾಂಶ’ ಮಾತ್ರ ಬೇರೆ ಕಡೆಯಿಂದ ನೋಡುತ್ತದೆ. ಅಂಗದ ಅಂಶವೆಂಬ ಆ ಪದಕ್ಕೆ ಅಂಗವನ್ನು ಮೊದಲು ಕಂಡಿರಬೇಕು. ಪಾಠ ಮೇಲಕ್ಕೆ ಹತ್ತುತ್ತಿದ್ದರೂ ಪದ ಇನ್ನೂ ವೆಸೇಲಿಯಸ್‌ನಿಂದ ಬಿಶಾನ ಕಡೆಗೆ ಇಳಿಯುತ್ತಲೇ ಇದೆ.