ಒಟ್ಟೊ ಕೋನಿಗ್ಸ್‌ಬರ್ಗರ್ (1908–1999)

ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ 1939ರಿಂದ 1948ರವರೆಗೆ ಬೆಂಗಳೂರಿನಲ್ಲಿ ಕೆಲಸ ಮಾಡಿದ ಜರ್ಮನ್ ಯಹೂದಿ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣದ ಕಟ್ಟಡಗಳು ಇವರ ವಿನ್ಯಾಸಗಳು. ಬಿಸಿಲು, ಗಾಳಿ, ಮಳೆಗಳ ಲೆಕ್ಕ ಹಾಕಿ ಕಟ್ಟಡ ಕಟ್ಟುವುದನ್ನು ಒಂದು ಶಾಸ್ತ್ರವಾಗಿ ಮುಂದೆ ಲಂಡನ್ನಿನಲ್ಲಿ ಬೆಳೆಸಿದವರಲ್ಲಿ ಇವರು ಪ್ರಮುಖರು. ಆ ಶಾಸ್ತ್ರದ ಮೊದಲ ಪಾಠಗಳನ್ನು ಅವರು ಕಲಿತದ್ದು ಬೆಂಗಳೂರಿನಲ್ಲಿ.

ಹುಟ್ಟಿದ್ದು ಬರ್ಲಿನ್‌ನಲ್ಲಿ, 1908ರ ಅಕ್ಟೋಬರ್ 13ರಂದು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್, ಬ್ರೂನೊ ಟೌಟ್ ಮುಂತಾದವರ ಬಳಿ ವಾಸ್ತುಶಿಲ್ಪ ಓದಿದರು. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ಬಂತು. ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕಿದರು. ಕೋನಿಗ್ಸ್‌ಬರ್ಗರ್ ಕೂಡ ಕೆಲಸ ಕಳೆದುಕೊಂಡರು. ಇಪ್ಪತ್ತೈದರ ಹರೆಯದಲ್ಲಿ ದೇಶ ಬಿಟ್ಟು ಈಜಿಪ್ಟಿಗೆ ಹೋಗಿ ಪುರಾತತ್ವಜ್ಞ ಲುಡ್ವಿಗ್ ಬೋರ್ಕಾರ್ಟ್ ಅವರೊಂದಿಗೆ ಕೆಲಸ ಮಾಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆ ಅವರ ಡಾಕ್ಟರೇಟ್ ಪ್ರಬಂಧದ ವಿಷಯ.

ಅವರನ್ನು ಬೆಂಗಳೂರಿಗೆ ಕರೆತಂದ ನಂಟು ಭೌತವಿಜ್ಞಾನದ ಕಡೆಯಿಂದ ಬಂದದ್ದು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಮಾಕ್ಸ್ ಬಾರ್ನ್ ಇವರ ಸೋದರಮಾವ. ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡಿದ್ದ ಬಾರ್ನ್, ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಇಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಆದರೆ ಆ ದಿನಗಳಲ್ಲಿ ಬಾರ್ನ್‌ಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಆ ಪರಿಚಯ ಅಳಿಯನಿಗೆ ದಾರಿ ಮಾಡಿಕೊಟ್ಟಿತು. ಮಾವನನ್ನು ಉಳಿಸಿಕೊಳ್ಳಲಾಗದ ಊರು ಅಳಿಯನನ್ನು ಒಂಬತ್ತು ವರ್ಷ ಉಳಿಸಿಕೊಂಡಿತು.

ಪರದೇಶದ ತಜ್ಞರು ಮೈಸೂರು ಸಂಸ್ಥಾನಕ್ಕೆ ಹೊಸಬರಾಗಿರಲಿಲ್ಲ. ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1908ರಲ್ಲೇ ಲಾಲ್‌ಬಾಗಿಗೆ ಬಂದು, ಬೆಂಗಳೂರಿನ ತೋಟ ಮತ್ತು ಸಾಲುಮರಗಳಿಗೆ ಇಂದಿಗೂ ಕಾಣುವ ರೂಪ ಕೊಟ್ಟಿದ್ದರು. ಕೋನಿಗ್ಸ್‌ಬರ್ಗರ್ ಬಂದಾಗ ಊರು ಪೇಟೆಯ ಎಲ್ಲೆ ದಾಟಿ ನಾಲ್ಕು ದಶಕಗಳೇ ಆಗಿದ್ದವು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತ್ತು. 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡಿದ್ದವು. ಅಗಲ ರಸ್ತೆ, ಮನೆಯ ಸುತ್ತ ಬಯಲು, ಮುಂದೆ ಜಗಲಿ, ಮೇಲೆ ಮದ್ರಾಸ್ ತಾರಸಿ ಅಥವಾ ಮಂಗಳೂರು ಹೆಂಚು, ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್: ಈ ಬಡಾವಣೆಗಳ ಮನೆಗಳನ್ನು ಕಟ್ಟಿದ ಮೇಸ್ತ್ರಿಗಳಿಗೆ ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಯಾವ ಕಡೆ ಹೋಗುತ್ತದೆ ಎಂಬುದು ಗೊತ್ತಿತ್ತು. ಸಾರ್ವಜನಿಕ ಕಟ್ಟಡಗಳ ಮಾತೇ ಬೇರೆ. ಅಲ್ಲಿ ಗಾಂಭೀರ್ಯ, ವೈಭವ ಮೊದಲು ಬರುತ್ತಿದ್ದವು. 1935ರಲ್ಲಿ ಮುಗಿದ ಪುಟ್ಟಣ್ಣಚೆಟ್ಟಿ ಪುರಭವನದ ಎತ್ತರದ ಕಂಬಸಾಲು ಆ ಅಭಿರುಚಿಗೆ ಒಳ್ಳೆಯ ಸಾಕ್ಷಿ.

ಇಲ್ಲಿಯೇ ಹೊಸ ವಾಸ್ತುಶಿಲ್ಪಿಗೂ ದಿವಾನರಿಗೂ ನಡುವೆ ಅಭಿಪ್ರಾಯಭೇದ. ಊರನ್ನು ಅಂದಗೊಳಿಸುವುದು ಮಿರ್ಜಾ ಅವರ ಜೀವದ ಹಂಬಲ. ಅವರಿಗೆ ಕಮಾನು, ಗುಮ್ಮಟ, ಕಾರಂಜಿ ಬೇಕು. ಕೋನಿಗ್ಸ್‌ಬರ್ಗರ್ ಕಲಿತು ಬಂದದ್ದು ಅಲಂಕಾರವನ್ನು ಬದಿಗಿಟ್ಟು ಉಪಯೋಗದಿಂದಲೇ ರೂಪ ಹುಡುಕುವ ಆಧುನಿಕ ಪಂಥ. ದಿವಾನರ ಮಾತಿಗೆ ತಲೆಬಾಗಬೇಕಾದ ಸಂದರ್ಭಗಳು ಬಂದವು. ತಮ್ಮ ದಾರಿ ಹಿಡಿಯಲು ಬಿಡುವು ಸಿಕ್ಕ ಸಂದರ್ಭಗಳೂ ಇದ್ದವು. 1941ರಲ್ಲಿ ಮಿರ್ಜಾ ದಿವಾನಗಿರಿ ಬಿಟ್ಟರು. ಆ ವೇಳೆಗೆ ಎರಡನೆಯ ಮಹಾಯುದ್ಧ ನಡೆದಿತ್ತು. ಉಕ್ಕು, ಸಿಮೆಂಟಿಗೆ ತತ್ವಾರ. ಸಿಕ್ಕ ಕಲ್ಲು, ಇಟ್ಟಿಗೆ, ಗಾರೆಗಳಲ್ಲೇ ಕಟ್ಟಬೇಕಾದ ಕಾಲದಲ್ಲಿ ಸರಳತೆ ಅನಿವಾರ್ಯವೂ ಆಯಿತು.

ವಿಜ್ಞಾನ ಸಂಸ್ಥೆಯ ಕೆಲಸಗಳು ಅವರ ಬೆಂಗಳೂರು ವರ್ಷಗಳ ತಿರುಳು. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಹುಟ್ಟಿತ್ತು. ವಿಮಾನ ತಂತ್ರಜ್ಞರು ಬೇಕಾಗಿದ್ದರು. ನಿರ್ದೇಶಕ ಜೆ.ಸಿ. ಘೋಷ್ ಅವರ ಕಾಲದಲ್ಲಿ, 1942ರಲ್ಲಿ, ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ನಗರದ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಈ ಆವರಣದ ಮುಖ್ಯ ಕಟ್ಟಡ ಸಿ.ಎಫ್. ಸ್ಟೀವನ್ಸ್ ವಿನ್ಯಾಸದ ಕಲ್ಲಿನ ಗೋಪುರದ್ದು, ಅರಮನೆಯ ಗತ್ತಿನದ್ದು. ಅದೇ ಆವರಣದಲ್ಲಿ ಕೋನಿಗ್ಸ್‌ಬರ್ಗರ್ ನೇರ ಗೆರೆಗಳ, ಅಲಂಕಾರವಿಲ್ಲದ ಕಟ್ಟಡಗಳನ್ನು ತಂದರು.

ಆ ಸರಳತೆಯ ಹಿಂದೆ ಲೆಕ್ಕವಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಉತ್ತರ, ದಕ್ಷಿಣಗಳ ಬಿಸಿಲು ಎತ್ತರದಿಂದ ಬರುವುದರಿಂದ ಸಜ್ಜೆ ಅದನ್ನು ತಡೆಯಬಲ್ಲದು. ಪೂರ್ವ, ಪಶ್ಚಿಮಗಳ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಅದಕ್ಕೆ ಸಜ್ಜೆ ಸಾಲದು. ಹೀಗಾಗಿ ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿರಬೇಕು, ಅಗಲ ಕಿರಿದಾಗಿರಬೇಕು, ಎದುರುಬದುರು ಕಿಟಕಿಗಳಿಂದ ಗಾಳಿ ಹಾಯಬೇಕು. ಬಡಾವಣೆಯ ಮೇಸ್ತ್ರಿ ಅನುಭವದಿಂದ ಅರಿತಿದ್ದನ್ನು ಈ ವಾಸ್ತುಶಿಲ್ಪಿ ಕೋನಗಳ ಲೆಕ್ಕಕ್ಕೆ ಇಳಿಸಿದರು. ಅವರ ಇಡೀ ಬದುಕಿನ ಹೆಚ್ಚಿನ ಸಾಧನೆ ಇದೇ.

ಕೃಷ್ಣರಾವ್ ಪಾರ್ಕಿನ ಮಂಟಪ ಗಾತ್ರದಲ್ಲಿ ಚಿಕ್ಕದು. ಆದರೆ ಪ್ರಯೋಗಾಲಯದ ಬೇಲಿಯಾಚೆ, ಬಡಾವಣೆಯ ಜನ ಕೂರುವ ಜಾಗಕ್ಕೆ ಈ ಹೊಸ ಶೈಲಿ ಬಂದದ್ದಕ್ಕೆ ಅದು ಸಾಕ್ಷಿ.

ಟಾಟಾ ಸಂಪರ್ಕ ಅವರನ್ನು ಜಮ್‌ಷೆಡ್‌ಪುರಕ್ಕೂ ಒಯ್ದಿತು. 1940ರ ದಶಕದ ಮಧ್ಯದಲ್ಲಿ ಆ ಉಕ್ಕಿನ ನಗರದ ಬೆಳವಣಿಗೆಗೆ ಯೋಜನೆ ಬರೆದರು. ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯೂ ಅವರದೇ. 1948ರ ಏಪ್ರಿಲ್ 13ರಂದು ನೆಹರೂ ಅದಕ್ಕೆ ಅಡಿಗಲ್ಲು ಹಾಕಿದರು. ಶಾಲೆ, ಅಂಗಡಿ, ಬಯಲು ನಡಿಗೆಯ ದೂರದಲ್ಲೇ ಸಿಗುವ ನೆರೆಹೊರೆಗಳ ಗುಂಪಾಗಿ ಊರನ್ನು ಕಲ್ಪಿಸಿದ್ದು ಆ ಯೋಜನೆಯ ವೈಶಿಷ್ಟ್ಯ. ಮುಲ್ಕ್ ರಾಜ್ ಆನಂದ್ ಸಂಪಾದಕತ್ವದಲ್ಲಿ 1946ರಲ್ಲಿ ಆರಂಭವಾದ ‘ಮಾರ್ಗ್’ ಪತ್ರಿಕೆಯ ಬಳಗದಲ್ಲೂ ಅವರಿದ್ದರು.

1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶವಿಭಜನೆಯಿಂದ ಲಕ್ಷಾಂತರ ಜನ ನೆಲೆ ಕಳೆದುಕೊಂಡಿದ್ದ ಕಾಲ. ಮನೆಯ ಭಾಗಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ನಿವೇಶನದಲ್ಲಿ ಜೋಡಿಸುವ ಯೋಜನೆ ದೆಹಲಿಯಲ್ಲಿ ಶುರುವಾಯಿತು. ಅದು ಸೋತಿತು; ಸಂಸತ್ತಿನಲ್ಲಿ ಕಟು ಟೀಕೆ ಎದ್ದಿತು. ಸ್ವತಃ ನಿರಾಶ್ರಿತರಾಗಿ ಬಂದವರ ಕೈಗೆ ನಿರಾಶ್ರಿತರಿಗೆ ಮನೆ ಕಟ್ಟುವ ಕೆಲಸ ಬಂದು, ಅದು ಹೀಗೆ ಮುಗಿದದ್ದು ಅವರ ಬದುಕಿನ ನೋವಿನ ಅಧ್ಯಾಯ. 1951ರಲ್ಲಿ ಭಾರತ ಬಿಟ್ಟು ಲಂಡನ್ನಿಗೆ ಹೋದರು.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನಲ್ಲಿ 1954ರಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ತೆರೆಯಿತು. ಕೆಲವೇ ವರ್ಷಗಳಲ್ಲಿ ಅದರ ಹೊಣೆ ಕೋನಿಗ್ಸ್‌ಬರ್ಗರ್‌ಗೆ ಬಂತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳು ಅಲ್ಲಿ ಕಲಿತರು. 1971ರಲ್ಲಿ ಅದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಅಭಿವೃದ್ಧಿ ಯೋಜನಾ ಘಟಕವಾಯಿತು. ವಿಶ್ವಸಂಸ್ಥೆಯ ಪರವಾಗಿ ಗೋಲ್ಡ್ ಕೋಸ್ಟ್ (ಇಂದಿನ ಘಾನಾ), ಪಾಕಿಸ್ತಾನ, ಫಿಲಿಪ್ಪೀನ್ಸ್, 1963ರಲ್ಲಿ ಸಿಂಗಪುರ ಮೊದಲಾದೆಡೆ ಸಲಹೆ ಕೊಟ್ಟರು. ಮೂರು ಮಂದಿ ಸಹಲೇಖಕರೊಂದಿಗೆ ಬರೆದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿಯ ಭಾರತೀಯ ಮುದ್ರಣವನ್ನು ನಮ್ಮ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1999ರ ಜನವರಿ 3ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ಮೇಲೆ ಮೈಸೂರು ರಾಜ್ಯ ಬೇರೆ ಹಾದಿ ಹಿಡಿಯಿತು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ಕೆಂಗಲ್ ಹನುಮಂತಯ್ಯನವರ ಕನಸಿನಂತೆ, ಕಲ್ಲಿನ ಕುಸುರಿ ಮತ್ತು ಗುಮ್ಮಟಗಳ ಕಟ್ಟಡ. ಕೋನಿಗ್ಸ್‌ಬರ್ಗರ್ ಬೆಂಗಳೂರು ವರ್ಷಗಳನ್ನು ವಿವರವಾಗಿ ಬೆಳಕಿಗೆ ತಂದವರು ಸಂಶೋಧಕಿ ರೇಚಲ್ ಲೀ. ಪಾರಂಪರಿಕ ಕಟ್ಟಡ ಎಂದರೆ ಗೋಪುರ, ಕಂಬಸಾಲು, ಮಂಕಿ ಟಾಪ್ ಎಂದಷ್ಟೇ ಎಣಿಸುವ ನಾವು, 1940ರ ದಶಕದ ಈ ಸರಳ ಕಟ್ಟಡಗಳನ್ನೂ ಅದೇ ಪಟ್ಟಿಗೆ ಸೇರಿಸಿ, ಕೆಡವದೆ, ಮೂಲ ರೂಪ ಕೆಡಿಸದೆ ಕಾಪಾಡಬೇಕು.